ನಿಧಾನವಾಗಿ ಜಾರುವ ನೆಲ, ಮುಂದುವರಿಯುವ ತುರ್ತು ಪರಿಸ್ಥಿತಿ: ರಾಂಚೊ ಪಾಲೊಸ್ ವರ್ಡೀಸ್‌ನಲ್ಲಿ ಯಾರನ್ನು ಏನು ಕೇಳಬೇಕು

ಕ್ಯಾಲಿಫೋರ್ನಿಯಾ ರಾಜ್ಯದ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನೈಋತ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಗುಡ್ಡಗಾಡಿನ ಮೇಲೆ, ರಾಂಚೊ ಪಾಲೊಸ್ ವರ್ಡೀಸ್ ಎಂಬ ಸುಮಾರು 42,000 ಜನಸಂಖ್ಯೆಯ ನಗರವಿದೆ. ಅದರ ದಕ್ಷಿಣದ ಇಳಿಜಾರಿನಲ್ಲಿರುವ ಪೋರ್ಚುಗೀಸ್ ಬೆಂಡ್, ಅಬಲೋನಿ ಕೋವ್ ಮತ್ತು ಸೀವ್ಯೂ ಪ್ರದೇಶಗಳ ನೆಲ ಮನೆ, ರಸ್ತೆ, ಪೈಪುಗಳ ಸಮೇತ ಕಡಲಿನತ್ತ ಸರಿಯುತ್ತಿದೆ. ನಗರಾಡಳಿತವು 2023ರ ಅಕ್ಟೋಬರ್ 3ರಂದು ಸ್ಥಳೀಯ ತುರ್ತು ಪರಿಸ್ಥಿತಿಯನ್ನು ಘೋಷಿಸಿ, ಅಲ್ಲಿಂದೀಚೆಗೆ ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂದಿದೆ. ಟೊರನ್ಸ್, ರೆಡಾಂಡೊ ಬೀಚ್ ಸುತ್ತಮುತ್ತ ಮನೆ ಹುಡುಕುವ ನಮ್ಮವರಿಗೆ ಈ ಗುಡ್ಡದ ಮೇಲಿನ, ಕಡಲು ಕಾಣುವ, ಅನುಮಾನ ಬರುವಷ್ಟು ಅಗ್ಗದ ಮನೆಗಳ ಜಾಹೀರಾತು ಕಣ್ಣಿಗೆ ಬೀಳುವುದುಂಟು. ಅಂಥವರಿಗೂ ಈಗಾಗಲೇ ಅಲ್ಲಿ ನೆಲೆಸಿರುವವರಿಗೂ ಮೊದಲು ಹೇಳಬೇಕಾದ ಮಾತೆಂದರೆ, ಇಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಯು ಆಡಳಿತಕ್ಕೆ ಸಿಗುವ ಅಧಿಕಾರವೇ ಹೊರತು ನಿವಾಸಿಗೆ ತಾನಾಗಿ ಸಿಗುವ ಪರಿಹಾರವಲ್ಲ.

ಈ ಜಾರುವಿಕೆ ಹೊಸದಲ್ಲ. ಇದು ಬಹು ಪುರಾತನ ಭೂಕುಸಿತ ಪ್ರದೇಶ. 1956ರಲ್ಲಿ ಕೌಂಟಿಯು ಕ್ರೆನ್‌ಶಾ ಬುಲೆವಾರ್ಡ್ ರಸ್ತೆಯನ್ನು ವಿಸ್ತರಿಸಲು ಇಲ್ಲಿ ಮಣ್ಣು ತುಂಬಿದಾಗ ಅದು ಮತ್ತೆ ಚಲಿಸತೊಡಗಿ, ಮುಂದಿನ ವರ್ಷಗಳಲ್ಲಿ ಸುಮಾರು 140 ಮನೆಗಳು ನಾಶವಾದವು. ಮನೆ ಕಳೆದುಕೊಂಡವರು ಕೌಂಟಿಯ ಮೇಲೆ ದಾವೆ ಹೂಡಿದರು. ಕೌಂಟಿಯ ನಿರ್ಲಕ್ಷ್ಯ ಸಾಬೀತಾಗದಿದ್ದರೂ, ಸಾರ್ವಜನಿಕ ಕಾಮಗಾರಿಯಿಂದ ಖಾಸಗಿ ಆಸ್ತಿಗೆ ಹಾನಿಯಾದರೆ ಸರ್ಕಾರ ಅದನ್ನು ಭರಿಸಬೇಕೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1965ರಲ್ಲಿ ತೀರ್ಪಿತ್ತಿತು. ಇಂದು ಇಲ್ಲಿನ ಅಧಿಕಾರಿಗಳು ಪ್ರತಿಯೊಂದು ಮಾತನ್ನೂ ವಕೀಲರನ್ನು ಕೇಳಿಯೇ ಆಡುವಂತೆ ತೋರುವುದಕ್ಕೆ ಇಂಥ ತೀರ್ಪುಗಳೂ ಕಾರಣವೆಂದು ನನ್ನ ಎಣಿಕೆ. ನೆಲದಡಿಯಲ್ಲಿರುವುದು ಜ್ವಾಲಾಮುಖಿಯ ಬೂದಿಯಿಂದಾದ ಬೆಂಟೊನೈಟ್ ಎಂಬ ಜೇಡಿ. ನೀರು ತಾಗಿದರೆ ಅದು ಒದ್ದೆ ಸಾಬೂನಿನಂತಾಗುತ್ತದೆ. ಎರಡು ಚಳಿಗಾಲ ಸಾಲಾಗಿ ಸುರಿದ ಮಳೆಯ ನಂತರ, 2024ರ ಆಗಸ್ಟ್ ಹೊತ್ತಿಗೆ ನೆಲ ಕೆಲವೆಡೆ ವಾರಕ್ಕೆ ಸುಮಾರು ಒಂದು ಅಡಿಯಂತೆ ಸರಿಯುತ್ತಿತ್ತು. ಸುಮಾರು 330 ಅಡಿ ಆಳದಲ್ಲಿ ಇನ್ನೊಂದು ಜಾರುವ ಪದರವಿರುವುದೂ ಅದೇ ವರ್ಷ ಗೊತ್ತಾಯಿತು. ಆಳದ ಬಾವಿಗಳನ್ನು ಕೊರೆದು ಅಂತರ್ಜಲವನ್ನು ಪಂಪಿನಿಂದ ಹೊರಹಾಕುವ ಕೆಲಸವನ್ನು ನಗರ ಕೈಗೊಂಡಿದ್ದು ಆಗಲೇ, ಮತ್ತು ಆ ಬಳಿಕ ವೇಗ ತಗ್ಗಿದೆ. ನಿಂತಿಲ್ಲ.

ನಮ್ಮ ಕಡೆ ಗುಡ್ಡ ಕುಸಿದರೆ ಜಿಲ್ಲಾಧಿಕಾರಿ ಸ್ಥಳಕ್ಕೆ ಬರುತ್ತಾರೆ, ಉಸ್ತುವಾರಿ ಸಚಿವರು ಬರುತ್ತಾರೆ, ವಿಪತ್ತು ನಿಧಿಯಿಂದ ಇಂತಿಷ್ಟು ಪರಿಹಾರವೆಂದು ಪ್ರಕಟವಾಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಒಮ್ಮೆಲೇ ಕುಸಿದಾಗ ನಡೆದದ್ದನ್ನು ಕಂಡವರು ಇಲ್ಲಿಯೂ ಯಾರೋ ಒಬ್ಬ ಹೊಣೆಗಾರ ಅಧಿಕಾರಿ ಇರಬೇಕೆಂದು ಹುಡುಕುತ್ತಾರೆ. ಅಂಥ ಒಬ್ಬರು ಇಲ್ಲಿಲ್ಲ. ರಾಜ್ಯದ ಕಾನೂನಿನ ಪ್ರಕಾರ ಸ್ಥಳೀಯ ತುರ್ತು ಪರಿಸ್ಥಿತಿಯನ್ನು ಘೋಷಿಸುವುದು ಐದು ಸದಸ್ಯರ ಸಿಟಿ ಕೌನ್ಸಿಲ್. ಜನರ ಜೀವಕ್ಕೂ ಆಸ್ತಿಗೂ ತೀವ್ರ ಅಪಾಯವಿದೆಯೆಂದು ಅದು ದಾಖಲಿಸಬೇಕು, ಮತ್ತು ಘೋಷಣೆಯ ಅಗತ್ಯ ಇನ್ನೂ ಇದೆಯೇ ಎಂದು ಕನಿಷ್ಠ 60 ದಿನಕ್ಕೊಮ್ಮೆ ಪರಿಶೀಲಿಸಬೇಕು. ಈ ಘೋಷಣೆಯ ಬಲದಿಂದ ನಗರಾಡಳಿತವು ಟೆಂಡರ್ ಕರೆಯದೆ ತುರ್ತು ಕಾಮಗಾರಿ ಕೊಡಬಹುದು, ರಸ್ತೆ ಮತ್ತು ಕಾಲುಹಾದಿಗಳನ್ನು ಮುಚ್ಚಬಹುದು, ರಾಜ್ಯದ ನೆರವು ಕೋರಬಹುದು. ಗವರ್ನರ್ ಗ್ಯಾವಿನ್ ನ್ಯೂಸಮ್ 2024ರ ಸೆಪ್ಟೆಂಬರ್ 3ರಂದು ರಾಜ್ಯಮಟ್ಟದ ತುರ್ತು ಪರಿಸ್ಥಿತಿ ಘೋಷಿಸಿದ್ದು ಇದರ ಮೇಲಿನ ಮೆಟ್ಟಿಲು. ಅದರ ಮೇಲಿನದು ಅಧ್ಯಕ್ಷರ ಮಹಾವಿಪತ್ತು ಘೋಷಣೆ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ, ಮನೆ ಕಳೆದುಕೊಂಡವರ ಖಾತೆಗೆ ನೇರವಾಗಿ ಹಣ ಹಾಕುವ ಯೋಜನೆ ಆ ಘೋಷಣೆ ಇದ್ದರೆ ಮಾತ್ರ ತೆರೆಯುತ್ತದೆ. ನೆಲವು ಬಿರುಗಾಳಿ ಮಳೆಗಳಿಗೆ ಬಹಳ ಮೊದಲೇ ಜಾರುತ್ತಿತ್ತೆಂಬ ವಾದವು ಇಂಥ ಪ್ರಕರಣದಲ್ಲಿ ಕೇಂದ್ರದ ನೆರವಿಗೆ ದೊಡ್ಡ ಅಡ್ಡಿಯಾಗಿದೆ.

ಸಿಟಿ ಎಂದರೆ ನಮ್ಮ ಮಹಾನಗರ ಪಾಲಿಕೆಯಂತೆ ಎಲ್ಲವನ್ನೂ ಕೇಳಬಹುದಾದ ಕಚೇರಿಯೆಂದು ಭಾವಿಸಬಾರದು. ಈ ನಗರಕ್ಕೆ ತನ್ನದೇ ಪೊಲೀಸರಿಲ್ಲ. ಆ ಕೆಲಸ ಕೌಂಟಿ ಶೆರಿಫ್ ಇಲಾಖೆಯ ಲೊಮಿಟಾ ಠಾಣೆಯದು. ಅಗ್ನಿಶಾಮಕ ಸೇವೆಯೂ ಕೌಂಟಿಯದೇ. ನೀರು, ವಿದ್ಯುತ್, ಗ್ಯಾಸ್ ಮೂರನ್ನೂ ಪೂರೈಸುವುದು ಖಾಸಗಿ ಕಂಪನಿಗಳು, ಮತ್ತು ಅವುಗಳನ್ನು ನಿಯಂತ್ರಿಸುವುದು ಇಂಥ ಸೇವೆಗಳಿಗೆಂದೇ ಇರುವ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಆಯೋಗ, ನಗರವಲ್ಲ. ಸೋಕಾಲ್ ಗ್ಯಾಸ್ ಕಂಪನಿ 2024ರ ಜುಲೈ ಕೊನೆಯಲ್ಲಿ ಪೋರ್ಚುಗೀಸ್ ಬೆಂಡ್‌ನ 135 ಮನೆಗಳಿಗೆ ಗ್ಯಾಸ್ ನಿಲ್ಲಿಸಿತು. ಎಡಿಸನ್ ಕಂಪನಿ ಸೆಪ್ಟೆಂಬರ್ 1ರಂದು 140 ಮನೆಗಳಿಗೆ ವಿದ್ಯುತ್ ಕಡಿತಗೊಳಿಸಿ, ಬೆನ್ನಿಗೇ ಸೀವ್ಯೂ ಬಡಾವಣೆಯ ಅನೇಕ ಮನೆಗಳನ್ನೂ ಆ ಪಟ್ಟಿಗೆ ಸೇರಿಸಿತು. ವಾಲುವ ಕಂಬಗಳಿಂದ ಬೆಂಕಿ ಹತ್ತಬಹುದೆಂಬುದು ಅವರು ಕೊಟ್ಟ ಕಾರಣ. ಮನೆ ಗಟ್ಟಿಯಾಗಿಯೇ ನಿಂತಿದ್ದವರೂ ಅಂದಿನಿಂದ ಸೌರಫಲಕ, ಬ್ಯಾಟರಿ, ಜನರೇಟರುಗಳ ಮೇಲೆ ಬದುಕಬೇಕಾಯಿತು. ಅವನ್ನು ಹಾಕಿಸಲು ನಗರದ ಪರವಾನಗಿ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಇಂಥ ಕಡಿತದ ಬಗ್ಗೆ ಕೌನ್ಸಿಲ್ ಮುಂದೆ ಎಷ್ಟು ವಾದಿಸಿದರೂ ಫಲ ಕಡಿಮೆ. ಲಿಖಿತ ದೂರನ್ನು ಆಯೋಗಕ್ಕೇ ಕೊಡಬೇಕು.

ತೆರವಿನ ವಿಷಯದಲ್ಲಿ ಎರಡು ಹಂತಗಳಿವೆ. ಇವ್ಯಾಕ್ಯುಯೇಷನ್ ವಾರ್ನಿಂಗ್, ಅಂದರೆ ತೆರವಿನ ಎಚ್ಚರಿಕೆ ಬಂದರೆ ಹೊರಡಲು ಸಿದ್ಧರಾಗಿರಬೇಕು, ವೃದ್ಧರೂ ಮಕ್ಕಳೂ ಇರುವ ಮನೆಯವರು ಆಗಲೇ ಹೊರಡುವುದು ಒಳ್ಳೆಯದು. ಆರ್ಡರ್, ಅಂದರೆ ತೆರವಿನ ಆದೇಶ ಬಂದರೆ ಆ ಪ್ರದೇಶವೇ ಕಾನೂನುಬದ್ಧವಾಗಿ ಮುಚ್ಚುತ್ತದೆ. 2024ರ ಸೆಪ್ಟೆಂಬರ್ 1ರಂದು ಪೋರ್ಚುಗೀಸ್ ಬೆಂಡ್‌ಗೆ ಬಂದದ್ದು ವಾರ್ನಿಂಗ್. ಕೌಂಟಿಯ ಅಲರ್ಟ್ ಸೇವೆಯಲ್ಲಿ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿಕೊಳ್ಳುವಾಗ, ಊರಿನಿಂದ ಬಂದು ಜೊತೆಗಿರುವ ತಂದೆತಾಯಿಯರ ಇಲ್ಲಿನ ಸಂಖ್ಯೆಯನ್ನೂ ಸೇರಿಸುವುದು ಒಳ್ಳೆಯದು, ಏಕೆಂದರೆ ಹಗಲಿನಲ್ಲಿ ಮನೆಯಲ್ಲಿರುವವರು ಅವರೇ. ಇನ್ನು ಕಟ್ಟಡದ ಬಾಗಿಲಿಗೆ ಅಂಟಿಸುವ ಬಣ್ಣದ ಚೀಟಿಗಳು: ಕೆಂಪು ಚೀಟಿ ಬಿದ್ದ ಮನೆಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಹಳದಿ ಬಿದ್ದರೆ ಚೀಟಿಯಲ್ಲಿ ಬರೆದಷ್ಟು ಮಟ್ಟಿಗೆ ಬಳಸಬಹುದು. ಕೆಂಪು ಚೀಟಿ ಎಂದರೆ ನೆಲಸಮಕ್ಕೆ ಆದೇಶವಾಯಿತೆಂದೇನೂ ಅಲ್ಲ, ಸಾಲದ ಕಂತು ನಿಂತಿತೆಂದಂತೂ ಖಂಡಿತ ಅಲ್ಲ.

ಭಾರತದಿಂದ ಬಂದವರಿಗೆ ಎಲ್ಲಕ್ಕಿಂತ ಅಪರಿಚಿತವಾದ ಅಂಗವೆಂದರೆ ಭೂಅಪಾಯ ನಿವಾರಣಾ ಜಿಲ್ಲೆ. ಇಲ್ಲಿ ಜಿಲ್ಲೆ ಎಂದರೆ ಕೆಲವು ಬೀದಿಗಳಷ್ಟೇ ಇರಬಹುದು. 1979ರ ರಾಜ್ಯ ಕಾಯ್ದೆಯೊಂದು, ಜಾರುವ ನೆಲದ ಮೇಲಿನ ಆಸ್ತಿದಾರರು ತಾವೇ ಸೇರಿ ಸ್ವತಂತ್ರ ಸರ್ಕಾರಿ ಘಟಕವೊಂದನ್ನು ರಚಿಸಿಕೊಂಡು, ತಮ್ಮ ಮೇಲೆ ತಾವೇ ಶುಲ್ಕ ವಿಧಿಸಿಕೊಂಡು, ಬಾವಿ ಮತ್ತು ಪಂಪುಗಳನ್ನು ನಡೆಸಲು ಅವಕಾಶ ಕೊಟ್ಟಿತು. ಆ ಕಾಯ್ದೆಯಡಿ ರಾಜ್ಯದಲ್ಲಿ ಮೊದಲು ಹುಟ್ಟಿದ್ದೇ ಅಬಲೋನಿ ಕೋವ್ ಜಿಲ್ಲೆ. ಪಕ್ಕದ ಕ್ಲಾಂಡೈಕ್ ಕ್ಯಾನಿಯನ್‌ಗೂ ಅಂಥದೊಂದು ಇದೆ. ಶುಲ್ಕವು ಆಸ್ತಿ ತೆರಿಗೆಯ ಬಿಲ್ಲಿನಲ್ಲೇ ಪ್ರತ್ಯೇಕ ಸಾಲಾಗಿ ಬರುತ್ತದೆ. ಅದನ್ನು ಹೆಚ್ಚಿಸಬೇಕಾದರೆ ಆಸ್ತಿದಾರರಿಗೆ ಅಂಚೆಯಲ್ಲಿ ಮತಪತ್ರ ಬರುತ್ತದೆ, ಯಾರು ಎಷ್ಟು ಕಟ್ಟಬೇಕೋ ಅವರ ಮತಕ್ಕೆ ಅಷ್ಟು ತೂಕ. ಈ ಮತಕ್ಕೆ ಆಧಾರ ಆಸ್ತಿಯ ಒಡೆತನ, ಪೌರತ್ವವಲ್ಲ. ಆದ್ದರಿಂದ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವರು ಆ ಲಕೋಟೆಯನ್ನು ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಬಾರದು. ಪಂಪು ಓಡಿಸಲು ಹಣವಿದೆಯೋ ಇಲ್ಲವೋ ಎಂಬುದು, ನನ್ನ ದೃಷ್ಟಿಯಲ್ಲಿ, ರಾಜಧಾನಿಯಲ್ಲಿ ಆಗುವ ಘೋಷಣೆಗಳಿಗಿಂತ ಈ ಮತಪತ್ರಗಳಲ್ಲೇ ಹೆಚ್ಚಾಗಿ ತೀರ್ಮಾನವಾಗುತ್ತದೆ.

ವಿಮೆಯ ಮೇಲೆ ಭರವಸೆ ಇಡುವಂತಿಲ್ಲ. ಇಲ್ಲಿನ ಸಾಮಾನ್ಯ ಗೃಹವಿಮೆ ನೆಲದ ಚಲನೆಯನ್ನು ಹೊರಗಿಡುತ್ತದೆ. ಕೇಂದ್ರದ ಪ್ರವಾಹ ವಿಮೆಯು ಕೆಸರು ಹರಿವಿಗೆ ಹಣ ಕೊಟ್ಟರೂ ಭೂಕುಸಿತಕ್ಕೆ ಕೊಡುವುದಿಲ್ಲ. ಬಾಡಿಗೆದಾರರ ವಿಮೆಯಲ್ಲಿ ಬೇರೆಡೆ ತಂಗುವ ವೆಚ್ಚದ ಭಾಗವೊಂದಿರುತ್ತದೆಯಾದರೂ, ಅದು ಸಿಗುವುದು ಪಾಲಿಸಿ ಒಪ್ಪಿದ ಕಾರಣಕ್ಕೆ ಮನೆ ಬಿಡಬೇಕಾಗಿ ಬಂದಾಗ ಮಾತ್ರ. ನೆಲದ ಚಲನೆ ಆ ಕಾರಣಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಹಣ ಬರುವ ದಾರಿ ಯಾವುದು? ಮುಖ್ಯವಾದದ್ದು, 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 42 ದಶಲಕ್ಷ ಡಾಲರುಗಳ ಸ್ವಯಂಪ್ರೇರಿತ ಖರೀದಿ ಯೋಜನೆ. ಫೀಮಾದ ಹಣ ರಾಜ್ಯದ ತುರ್ತು ಸೇವಾ ಕಚೇರಿಯ ಮೂಲಕ ಬರುತ್ತದೆ, ನಗರವು ಮನೆಯನ್ನು ಕೊಳ್ಳುತ್ತದೆ, ಕಟ್ಟಡವನ್ನು ಕೆಡವಿ ಆ ಜಾಗವನ್ನು ಎಂದೆಂದಿಗೂ ಬಯಲಾಗಿಯೇ ಉಳಿಸುತ್ತದೆ. ಬೆಲೆಯನ್ನು 2022ರ ಡಿಸೆಂಬರ್ 1ರಂದಿದ್ದ, ಅಂದರೆ ಚಲನೆ ತೀವ್ರವಾಗುವ ಮೊದಲಿನ ಮಾರುಕಟ್ಟೆ ಮೌಲ್ಯದ ಮೇಲೆ ಕಟ್ಟುತ್ತಾರೆ, ಆದರೆ ಕೇಂದ್ರದ ಪಾಲು ಶೇ. 75 ಮಾತ್ರ, ಉಳಿದ ಶೇ. 25 ಮಾಲೀಕನಿಗೆ ನಷ್ಟ. ಆ ಮೊತ್ತ ಸಾಕಾಗುವುದು ಸುಮಾರು 20 ಮನೆಗಳಿಗೆ, ಅರ್ಜಿ ಹಾಕಿದವರು ಅದರ ಹಲವು ಪಟ್ಟು. ನಮ್ಮವರು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದು ಇದರೊಳಗೆ ಅಡಗಿದೆ. ಫೀಮಾದ ನಿಯಮಾವಳಿಯಂತೆ ವಿಪತ್ತಿಗೆ ಮೊದಲಿನ ಬೆಲೆ ಸಿಗುವುದು ಆಗಲೇ ಮಾಲೀಕರಾಗಿದ್ದವರಿಗೆ, ಅವರಲ್ಲೂ ಅಮೆರಿಕದ ಪೌರರಿಗೆ ಅಥವಾ ಗ್ರೀನ್ ಕಾರ್ಡ್‌ನಂಥ ಅರ್ಹ ವಲಸೆ ಸ್ಥಾನಮಾನವುಳ್ಳವರಿಗೆ. ಎಚ್-1ಬಿ, ಎಲ್-1 ವೀಸಾದವರು ಆ ವರ್ಗಕ್ಕೆ ಸೇರುವುದಿಲ್ಲ. ಬಿರುಕು ಬಿಟ್ಟ ಮೇಲಿನ ಇಂದಿನ ಬೆಲೆಯಷ್ಟೇ ಅವರಿಗೆ. ದಶಕಗಟ್ಟಲೆ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತಿರುವ ಭಾರತೀಯ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ದಂಪತಿಯಲ್ಲಿ ಒಬ್ಬರಿಗಷ್ಟೇ ಅರ್ಹತೆಯಿದ್ದರೆ, ಮನೆಪತ್ರದಲ್ಲಿ ಯಾರ ಹೆಸರಿದೆ ಎಂಬುದನ್ನು ಮುಂದಿಟ್ಟುಕೊಂಡು ವಕೀಲರನ್ನು ಕಾಣಬೇಕು.

ಇನ್ನೊಂದು ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. ವಿಪತ್ತಿನಿಂದ ಆಸ್ತಿಯ ಮೌಲ್ಯಕ್ಕೆ 10,000 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಹಾನಿಯಾಗಿದ್ದರೆ, 12 ತಿಂಗಳೊಳಗೆ ತೆರಿಗೆಗಾಗಿ ಆಸ್ತಿಯ ಮೌಲ್ಯ ಕಟ್ಟುವ ಕೌಂಟಿಯ ಅಸೆಸರ್ ಕಚೇರಿಗೆ ವಿಪತ್ತಿನ ಮರುಮೌಲ್ಯಮಾಪನದ ಅರ್ಜಿ ಕೊಟ್ಟು ಆಸ್ತಿ ತೆರಿಗೆಯನ್ನು ಇಳಿಸಿಕೊಳ್ಳಬಹುದು. ನೆಲ ನಿಧಾನವಾಗಿ ಜಾರುವಲ್ಲಿ ಹಾನಿ ಆದ ದಿನ ಯಾವುದೆಂದು ತೋರಿಸುವುದೇ ಕಷ್ಟ. ಆದ್ದರಿಂದ ಹೊಸ್ತಿಲು ಬಾಗಿಲಿಗೆ ಕಚ್ಚಿಕೊಂಡ ದಿನ, ಅಡುಗೆಮನೆಯ ಗೋಡೆಯ ಬಿರುಕಿಗೆ ಬೆರಳು ಹೊಕ್ಕ ದಿನ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತಾರೀಕು ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಕೊಳ್ಳಲು ಹೊರಟವರು ಮಾರಾಟಗಾರ ಕೊಡುವ ವರ್ಗಾವಣೆ ಘೋಷಣಾ ಪತ್ರವನ್ನು ಸಾಲು ಬಿಡದೆ ಓದಬೇಕು. ಮನೆಯ ನೆಲ ಯಾವುದೇ ಕಾರಣದಿಂದ ಕುಸಿದದ್ದು, ಜಾರಿದ್ದು, ಸರಿದದ್ದು ಮಾರುವವನಿಗೆ ತಿಳಿದಿದೆಯೇ ಎಂಬ ನೇರ ಪ್ರಶ್ನೆ ಅದರಲ್ಲಿದೆ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಲೇಬೇಕು. ಸುಳ್ಳು ಗುರುತು ಮುಂದೆ ದಾವೆಗೆ ಆಧಾರವಾಗುತ್ತದೆ. ಜೊತೆಗೆ ಪೋರ್ಚುಗೀಸ್ ಬೆಂಡ್ ಸುತ್ತಮುತ್ತ 1978ರಿಂದ ಹೊಸ ನಿರ್ಮಾಣದ ಮೇಲೆ ನಿರ್ಬಂಧವಿದೆಯೆಂಬುದೂ ನೆನಪಿರಲಿ. ಖಾಲಿ ನಿವೇಶನ ಎಷ್ಟು ಅಗ್ಗವಾದರೂ ಅಲ್ಲಿ ಮನೆ ಏಳುವುದಿಲ್ಲ.

ಬರೀ ನೋಡಲು ಹೋಗುವವರಿಗೆ ಎರಡು ಮಾತು ಸಾಕು. ಪಾಲೊಸ್ ವರ್ಡೀಸ್ ಡ್ರೈವ್ ಸೌತ್ ರಸ್ತೆ ಅಲೆಯಲೆಯಾಗಿ ಎದ್ದು ಬಿದ್ದಿದೆ, ನಗರ ಅದಕ್ಕೆ ಮತ್ತೆ ಮತ್ತೆ ಡಾಂಬರು ಹಾಕುತ್ತಲೇ ಇದೆ, ನೆಲದಡಿ ಇರಬೇಕಾದ ಪೈಪುಗಳು ನೆಲದ ಮೇಲೆ ಹಾದುಹೋಗಿವೆ. ಜಾರುವ ಭಾಗದಲ್ಲಿ ಸೈಕಲ್ ಮತ್ತು ಮೋಟಾರ್‌ಸೈಕಲ್‌ಗಳನ್ನು 2024ರಲ್ಲಿ ನಿಷೇಧಿಸಲಾಯಿತು. ಮದುವೆಗಳಿಗೆ ಹೆಸರಾಗಿದ್ದ ವೇಫೇರರ್ಸ್ ಚಾಪೆಲ್ ಎಂಬ ಗಾಜಿನ ಪ್ರಾರ್ಥನಾಮಂದಿರವನ್ನು ಅದೇ ವರ್ಷ ಬಿಡಿಬಿಡಿಯಾಗಿ ಕಳಚಿ ತೆಗೆದಿಡಲಾಯಿತು, ಹಳೆಯ ಪ್ರವಾಸಿ ಪುಸ್ತಕ ನಂಬಿ ಅಲ್ಲಿಗೆ ಹೋಗಬೇಡಿ.

ತುರ್ತು ಪರಿಸ್ಥಿತಿಯನ್ನು ಮುಂದುವರಿಸುವ ನಿರ್ಣಯ ಬರುವುದು ಸಿಟಿ ಕೌನ್ಸಿಲ್ ಸಭೆಯಲ್ಲಿ. ನಿಯತ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲು ಪ್ರಕಟಿಸಬೇಕೆಂಬುದು ರಾಜ್ಯದ ಕಾನೂನು; ಅದರೊಂದಿಗಿರುವ ಸಿಬ್ಬಂದಿ ವರದಿಯಲ್ಲಿ ನೆಲ ಎಷ್ಟು ಸರಿದಿದೆ, ಯಾವ ಬಾವಿ ಎಷ್ಟು ನೀರೆತ್ತಿದೆ, ಎಷ್ಟು ಖರ್ಚಾಗಿದೆ ಎಂಬ ವಿವರಗಳು ಸಿಗುತ್ತವೆ. ಸಭೆಯಲ್ಲಿ ಮಾತಾಡಲು ಪೌರತ್ವವೂ ಬೇಡ, ಆ ಊರಿನ ವಿಳಾಸವೂ ಬೇಡ, ಹೆಸರು ಹೇಳುವುದೂ ಕಡ್ಡಾಯವಲ್ಲ. ಸಿಗುವ ಸಮಯ ಕೆಲವೇ ನಿಮಿಷ. ಹಾಗಾಗಿ ಕೇಳಬೇಕಾದದ್ದನ್ನು ಬರೆದುಕೊಂಡು ಹೋಗಿ, ಅದರ ಒಂದು ಪ್ರತಿಯನ್ನು ನಗರದ ದಾಖಲೆಗಳನ್ನು ನೋಡಿಕೊಳ್ಳುವ ಸಿಟಿ ಕ್ಲರ್ಕ್‌ಗೆ ಮೊದಲೇ ಇಮೇಲ್ ಮಾಡಿದರೆ ಅದು ಸಭೆಯ ದಾಖಲೆಗೆ ಸೇರುತ್ತದೆ.