ಕೋಯಿ ಕೊಳದ ಮನೆಯಲ್ಲಿ ಕೂಸಿದ್ದರೆ

ಕೂಸು ಅಂಬೆಗಾಲಿಡುವ ಮೊದಲೇ ಹಿತ್ತಲ ಕೋಯಿ (ಬಣ್ಣದ ಅಲಂಕಾರಿಕ ಮೀನು) ಕೊಳಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕಟ್ಟಿನ ಗಟ್ಟಿ ವೆಲ್ಡ್ ಜಾಲರಿ ಹಾಕಿಸಿ, ಮೀನುಬಲೆ ಬೇಡವೇ ಬೇಡ. ಬಲೆ ಮಗುವಿನ ಭಾರಕ್ಕೆ ಜಗ್ಗಿ ನೀರು ಮುಟ್ಟುತ್ತದೆ. ನಾಲ್ಕು ಬೆರಳು ನೀರೂ ಕೂಸಿನ ಜೀವಕ್ಕೆ ಅಪಾಯ, ಅದೂ ಸದ್ದಿಲ್ಲದೆ. ಜಾಲರಿಗೆ 2 ಇಂಚಿನ ಕಣ್ಣಿದ್ದರೆ ಮೀನಿನ ಆಹಾರ ಸಲೀಸಾಗಿ ಕೆಳಗೆ ಬೀಳುತ್ತದೆ, ಕೊಕ್ಕರೆ ಕಾಟವೂ ಕಡಿಮೆ. ಚಿರೇಕಲ್ಲಿನ ಕಟ್ಟೆಗೆ ಬೋಲ್ಟ್ ಬಿಗಿದು, ನಡುಭಾಗದಲ್ಲಿ ಎರಡೂ ಕೈ ಊರಿ ಭಾರ ಬಿಟ್ಟು ನೋಡಿ. ಬಾಗಿದರೆ ಇನ್ನೊಂದು ಅಡ್ಡಪಟ್ಟಿ ಬೇಕು. ನಮ್ಮ ಕಡೆಯ ಜಡಿಮಳೆಗೆ ನೀರು ಏರಿ ಜಾಲರಿ ಮುಳುಗಿದರೆ ಮಾತ್ರ ಅದು ಇದ್ದೂ ಇಲ್ಲ, ಮೇಲಾಗಿ ಜಿಐ ಸತು ನೀರಿಗಿಳಿದರೆ ಮೀನಿಗೂ ವಿಷ. ಹಾಗಾಗಿ ನೀರು ಹೊರಹೋಗುವ ಪೈಪು ಜಾಲರಿಗಿಂತ ಒಂದು ಗೇಣು ಕೆಳಗಿರಲಿ. ಕಾರವಾರದ ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಮೊದಲು ಬೆಸುಗೆಯ ಜಾಗದಲ್ಲಿ, ಪ್ರತಿ ಮಳೆಗಾಲಕ್ಕೆ ಮುಂಚೆ ಅಲ್ಲೇ ತಟ್ಟಿ ನೋಡಿ.