ಓವೆನ್ ಸಂಜೆ: ಪದ್ಯದ ಜೊತೆ ವಾದ್ಯ ಬೇಡ

"ಇಂಗ್ಲಿಷ್ ಯುದ್ಧಕವಿಗಳನ್ನ ಕೇಳೋಕೆ ನಮ್ಮೋರು ಯಾರು ಬರ್ತಾರೆ?" ಅಂತ ಬರ್ಮಿಂಗ್‌ಹ್ಯಾಮಿನ ಕನ್ನಡದ ಗೆಳೆಯರೇ ಕೇಳಿದ್ದರು. ಹೋದ ನವೆಂಬರಿನಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ನಾನು ಏರ್ಪಡಿಸಿದ ಪದ್ಯವಾಚನದ ಸಂಜೆಗೆ ಬಂದವರು ಕುರ್ಚಿ ಸಾಲದೆ ಹಿಂದೆ ನಿಂತು ಕೇಳಿದರು. ಅರ್ಧಕ್ಕರ್ಧ ಆ ಊರಿನ ಇಂಗ್ಲಿಷರು.

ಅದಕ್ಕೂ ಮುಂಚೆ ಎರಡು ಸಲ ಕೈ ಸುಟ್ಟಿತ್ತು. ಮೊದಲ ಸಲ ಓದಿನುದ್ದಕ್ಕೂ ಕೀಬೋರ್ಡು, ಕೊಳಲು. ಸಭೆ ರಾಗಕ್ಕೆ ತಲೆದೂಗಿತು, ಪದ್ಯ ಯಾರ ಕಿವಿಗೂ ಬೀಳಲಿಲ್ಲ. ಮರುವರ್ಷ ಒಂದೇ ಸಂಜೆಗೆ ಎಂಟು ಕವಿಗಳು. ಚಹಾಕ್ಕೆ ಎದ್ದವರಲ್ಲಿ ಬಹಳ ಮಂದಿ ವಾಪಸ್ ಬರಲಿಲ್ಲ. ಹಾಲ್ ಬಾಡಿಗೆ, ಪಿಯಾನೊದವರ ಸಂಭಾವನೆ, ಪೋಸ್ಟರು ಸೇರಿ ನಾನೂರು ಪೌಂಡಿನ ಹತ್ತಿರ ಹೋಯಿತು. ಹುಟ್ಟಿದ್ದು ಅದರ ಕಾಲು ಭಾಗ.

ಈ ಸಲ ಮೊದಲ ಮಹಾಯುದ್ಧದ ಇಬ್ಬರೇ ಕವಿಗಳು: ವಿಲ್‌ಫ್ರೆಡ್ ಓವೆನ್, ಹಾಡುಗಳಿಗೆ ಮಟ್ಟನ್ನೂ ಹಾಕುತ್ತಿದ್ದ ಐವರ್ ಗರ್ನಿ. ಅದೇ ಯುದ್ಧದ ಇನ್ನೊಬ್ಬ ಕವಿ ಸಸೂನ್ ತೀರಿಕೊಂಡದ್ದು 1967ರಲ್ಲಿ, ಬ್ರಿಟನ್ನಿನಲ್ಲಿ ಅವನ ಪದ್ಯಗಳ ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ. ಅನುಮತಿಗೆ ಕೊಡುವ ದುಡ್ಡನ್ನು ಗಾಯಕರಿಗೆ ಕೊಡುವುದೇ ಮೇಲು ಅಂತ ಬಿಟ್ಟೆ. ಗರ್ನಿ 'ಸೆವರ್ನ್ ಮೆಡೋಸ್' ಹಾಡು ಕಟ್ಟಿದ್ದು 1917ರಲ್ಲಿ, ಫ್ರಾನ್ಸಿನ ರಣರಂಗದಲ್ಲಿ. ಮಾತೂ ಮಟ್ಟೂ ಅವನವೇ. ಓವೆನ್ ಮನೆಯವರಿದ್ದ ಶ್ರೂಸ್‌ಬರಿಯನ್ನು ಬಳಸಿಕೊಂಡು ಗರ್ನಿಯ ಗ್ಲಾಸ್ಟರಿಗೆ ಹರಿಯುವುದೂ ಅದೇ ಸೆವರ್ನ್ ನದಿ. ನಿರೂಪಣೆಗೆ ಬೇರೆ ಕೊಂಡಿ ಹುಡುಕಬೇಕಾಗಲಿಲ್ಲ.

ಪದ್ಯ ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಎರಡೂ ಬರಿ ದನಿಯಲ್ಲಿ. ಆಮೇಲೆ ಮೌನ. ಅದಾದ ಮೇಲಷ್ಟೇ ಪಿಯಾನೊ. ಮೌನ ಮುಗಿಯಿತು ಅಂತ ಪಿಯಾನೊದವರಿಗೆ ಹೇಗೆ ಗೊತ್ತು ಮಾಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ನಟರನ್ನು ಕರೆಯಲಿಲ್ಲ, ಅಭಿನಯ ಬೆರೆತರೆ ಓವೆನ್ ಕೆಡುತ್ತಾನೆ.

ಜೊತೆಗೊಂದು ಪ್ರಯೋಗವನ್ನೂ ಮಾಡಿದೆ. 1918ರ ನವೆಂಬರ್ 4ರಂದು ಸಾಂಬ್ರ್ ಕಾಲುವೆ ದಾಟುವ ಕಾಳಗದಲ್ಲಿ ಓವೆನ್ ಸತ್ತ. ಸಾವಿನ ತಂತಿ ಸುದ್ದಿ ತಾಯಿಯ ಕೈ ಸೇರಿದ್ದು 11ರಂದು, ಯುದ್ಧ ನಿಂತ ದಿನ. 1920ರಲ್ಲಿ ಆಕೆ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದರು: ಮಗ ಕೊನೆಯ ಸಲ ಹೊರಟಾಗ ನಿಮ್ಮ ಸಾಲುಗಳನ್ನು ಹೇಳಿದ್ದ, ತಿರುಗಿ ಬಂದ ಅವನ ಟಿಪ್ಪಣಿ ಪುಸ್ತಕದಲ್ಲಿ ಅವೇ ಸಾಲು ಅವನ ಕೈಬರಹದಲ್ಲಿದ್ದವು, ಕೆಳಗೆ ನಿಮ್ಮ ಹೆಸರಿತ್ತು, ಪೂರ್ತಿ ಪದ್ಯ ಯಾವ ಪುಸ್ತಕದಲ್ಲಿದೆ, ಅಂತ. ಗೀತಾಂಜಲಿಯ ಆ ಪದ್ಯವನ್ನು ಬಂಗಾಳಿ ಗೆಳತಿಯೊಬ್ಬರು ಮೂಲದಲ್ಲೇ ಓದಿದರು, ಪತ್ರವನ್ನು ನಾನು. ಇಡೀ ಸಂಜೆ ಸಭೆ ಕಣ್ಣೊರೆಸಿಕೊಂಡದ್ದು ಇಲ್ಲೇ.

ಕಾಣಿಕೆ ಡಬ್ಬಿಯಲ್ಲಿ ಮುನ್ನೂರೈವತ್ತು ಚಿಲ್ಲರೆ ಪೌಂಡು ಬಿತ್ತು, ಖರ್ಚು ಹೆಚ್ಚುಕಮ್ಮಿ ಸರಿಹೋಯಿತು. ಮುಂದಿನ ಸಲ 1917ರಲ್ಲಿ ಫ್ರಾನ್ಸಿನ ಆರಾಸ್‌ನಲ್ಲಿ ಮಡಿದ ಕವಿ ಎಡ್ವರ್ಡ್ ಥಾಮಸ್. ಬರಿ ತಂಬೂರಿ ಶ್ರುತಿಯನ್ನಾದರೂ ಇಡಿ ಅಂತ ಗೆಳೆಯರು ಅನ್ನುತ್ತಿದ್ದಾರೆ, ಓದು ಮುಗಿಯುವ ತನಕ ಅದೂ ಬೇಡ ಅಂದಿದ್ದೇನೆ.