ಕನ್ವರ್ಟರ್ ಕಿತ್ತು ನೇರ ಪೈಪ್ ಹಾಕಿಸುವ ಮೊದಲು

‘ಕನ್ವರ್ಟರ್ ಬ್ಲಾಕ್ ಆಗಿದೆ. ಹೊಸತಕ್ಕೆ ತುಂಬಾ ಆಗ್ತದೆ. ಕಟ್ ಮಾಡಿ ಪೈಪ್ ವೆಲ್ಡ್ ಮಾಡಿ ಬಿಡುವಾ, ಪಿಕಪ್ ಸಹ ಬರ್ತದೆ.’

ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಮೆಕ್ಯಾನಿಕ್ ಹೇಳುವ ಈ ಮಾತಿಗೆ ತಲೆಯಾಡಿಸಿದರೆ ಕಾರು ಸಂಜೆಯೊಳಗೆ ರೆಡಿ. ಪಿಕಪ್ ಬಂದಂತೆಯೂ ಅನ್ನಿಸುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಹಳದಿ ‘ಚೆಕ್ ಎಂಜಿನ್’ ದೀಪ ಆರುವುದಿಲ್ಲ, ಎಮಿಷನ್ ಟೆಸ್ಟಿನಲ್ಲಿ ಯಂತ್ರ ಒಪ್ಪುವುದಿಲ್ಲ, ಕನ್ವರ್ಟರನ್ನು ಹಾಳು ಮಾಡಿದ ಮೂಲ ದೋಷ ಎಂಜಿನ್ನಿನಲ್ಲಿ ಹಾಗೆಯೇ ಉಳಿದಿರುತ್ತದೆ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಅದನ್ನು ಕೊಂದದ್ದು ಯಾವುದು ಎಂದು ಗೊತ್ತಾಗುವವರೆಗೆ ಪೈಪ್ ಕತ್ತರಿಸುವ ಗ್ರೈಂಡರ್ ಮುಟ್ಟಲು ಬಿಡಬೇಡಿ.

ಕನ್ವರ್ಟರ್ ಎಂದರೆ ಸ್ಟೀಲ್ ಡಬ್ಬಿಯೊಳಗೆ ಕೂರಿಸಿದ, ಜೇನುಗೂಡಿನಂಥ ಸಣ್ಣ ತೂತುಗಳ ಸೆರಾಮಿಕ್ ಇಟ್ಟಿಗೆ. ತೂತಿನ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ ಅದರ ಕೆಲಸ ಶುರು: ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದೆ ಉಳಿದ ಪೆಟ್ರೋಲನ್ನು ಸುಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ಬರೀ ನೈಟ್ರೋಜನ್ ಮಾಡುತ್ತದೆ. ಸುಸ್ಥಿತಿಯಲ್ಲಿದ್ದು ಬಿಸಿಯಾದ ಕನ್ವರ್ಟರ್ ಈ ಮೂರನ್ನೂ ಶೇ 90ಕ್ಕಿಂತ ಹೆಚ್ಚು ಕಡಿಮೆ ಮಾಡುತ್ತದೆ. ನಮ್ಮಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದದ್ದು 1995ರಲ್ಲಿ, ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ.

ಕಿತ್ತರೆ ಆಗುವುದೇನು?

ಪಿಕಪ್‌ನಿಂದಲೇ ಶುರುಮಾಡೋಣ, ಎಲ್ಲರೂ ಬೀಳುವುದು ಅಲ್ಲಿಗೇ. ಕಟ್ಟಿಕೊಂಡ ಕನ್ವರ್ಟರ್ ತೆಗೆದ ಕೂಡಲೇ ಕಾರು ಓಡುತ್ತದೆ, ನಿಜ. ಆದರೆ ಆ ಹೋಲಿಕೆ ಕೆಟ್ಟ ಕನ್ವರ್ಟರಿನ ಜೊತೆ, ಒಳ್ಳೆಯದರ ಜೊತೆ ಅಲ್ಲ. 1.2 ಲೀಟರಿನ ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಒಳ್ಳೆಯ ಕನ್ವರ್ಟರ್ ತೆಗೆದು ಪೈಪ್ ಹಾಕಿದರೆ ಸಿಗುವ ಲಾಭ ಕಾಲಿಗೆ ಗೊತ್ತಾಗುವಷ್ಟಿಲ್ಲ, ಅದೂ ಮೇಲಿನ ಆರ್‌ಪಿಎಂನಲ್ಲಿ ಮಾತ್ರ. ಟರ್ಬೊ ಕಾರಿನಲ್ಲಿ ಸ್ವಲ್ಪ ಹೆಚ್ಚು ಸಿಗುತ್ತದೆ. ಇನ್ನು ‘ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು’ ಎನ್ನುವವರದ್ದೂ ಅರ್ಧ ಸತ್ಯ. ಬೇಕಾದದ್ದು ಒತ್ತಡವಲ್ಲ, ಪೈಪಿನೊಳಗೆ ಹೊಗೆಯ ವೇಗ. ಸದ್ದು ಚೆನ್ನಾಗಿರಲಿ ಎಂದು ದಪ್ಪ ಪೈಪ್ ಹಾಕಿಸಿದರೆ ಆ ವೇಗ ಇಳಿದು, ಕೆಳಗಿನ ಆರ್‌ಪಿಎಂನಲ್ಲಿ ಹಳೆ ಹೊಗೆ ಸಿಲಿಂಡರಿನಿಂದ ಪೂರ್ತಿ ಹೊರಗೆ ಎಳೆದುಕೊಂಡು ಹೋಗುವುದಿಲ್ಲ. ಆಗುಂಬೆಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಎಳೆಯಬೇಕಾದಾಗ ಅದು ಗೊತ್ತಾಗುತ್ತದೆ. ಮೈಲೇಜ್ ಹೆಚ್ಚುವುದೆಂಬ ಮಾತು ಬಿಟ್ಟುಬಿಡಿ.

ಸದ್ದು: ಕನ್ವರ್ಟರ್ ಅರ್ಧ ಸೈಲೆನ್ಸರ್ ಕೆಲಸವನ್ನೂ ಮಾಡುತ್ತಿರುತ್ತದೆ. ಅದಿಲ್ಲದಿದ್ದರೆ ಎರಡರಿಂದ ಮೂರು ಸಾವಿರ ಆರ್‌ಪಿಎಂ ನಡುವೆ ಒಳಗೆ ಗುಂಯ್ ಎಂಬ ಗುನುಗು. ಸುರತ್ಕಲ್‌ನಿಂದ ಕುಂದಾಪುರದವರೆಗೆ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ಇರುವುದು ಅದೇ ಆರ್‌ಪಿಎಂನಲ್ಲಿ.

ವಾಸನೆಗಿಂತ ಅಪಾಯ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಮಳೆಗಾಲದಲ್ಲಿ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವಾಗ, ಒರಟಾಗಿ ವೆಲ್ಡ್ ಮಾಡಿದ ಜೋಡಣೆಯಿಂದ ಸೋರಿದ ಹೊಗೆ ನೆಲದ ರಬ್ಬರ್ ಬಿರಡೆಗಳ ಸಂದಿನಿಂದ ಒಳಗೆ ಬರಬಹುದು.

ಎಮಿಷನ್ ಟೆಸ್ಟಿನಲ್ಲಿ ಬಿಎಸ್4 (ಭಾರತ್ ಸ್ಟೇಜ್ 4 ಮಾನದಂಡದ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.3, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 200 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 200 ಭಾಗ. ಕನ್ವರ್ಟರ್ ಇಲ್ಲದೆ ಈ ಗೆರೆಯೊಳಗೆ ನಿಲ್ಲುವುದು ಸುಸ್ಥಿತಿಯ ಎಂಜಿನ್ನಿಗೂ ಕಷ್ಟ. ಕಾನೂನಂತೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಬಳಿಕ 190(2)ರ ಅಡಿ ಹೊಗೆ–ಶಬ್ದದ ಮಾನದಂಡ ಮೀರಿದರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸಿಗೆ ಅನರ್ಹತೆ.

ಹಳದಿ ದೀಪದ ನಷ್ಟವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ವರ್ಟರ್ ಇಲ್ಲವೆಂದು ದೀಪ ಸದಾ ಉರಿಯುತ್ತಿದ್ದರೆ, ನಾಳೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೆಟ್ಟು ಅದೇ ದೀಪ ಉರಿದಾಗ ನಿಮಗೆ ಗೊತ್ತಾಗುವುದು ಹೇಗೆ?

ಪರೀಕ್ಷೆ: ಈ ಕ್ರಮ ತಪ್ಪಿಸಬೇಡಿ

ಒಂದು. ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ, ಬರೆದಿಡಿ, ಅಳಿಸಬೇಡಿ. ಪಿ0420 ಎಂದರೆ ‘ಕನ್ವರ್ಟರ್ ಕೆಲಸ ಮಾಡುವುದು ಸಾಲದು ಎಂದು ಕಂಪ್ಯೂಟರಿಗೆ ಅನ್ನಿಸಿದೆ’ ಎಂದಷ್ಟೇ ಅರ್ಥ, ‘ಕನ್ವರ್ಟರ್ ಬದಲಿಸು’ ಎಂದಲ್ಲ. ಜೊತೆಗೆ ಪಿ0300ರಿಂದ ಪಿ0304ರವರೆಗಿನ ಯಾವುದಾದರೂ ಇದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಮೊದಲು ಅದನ್ನು ಸರಿಪಡಿಸಿ.

ಎರಡು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕನ್ವರ್ಟರ್ ಡಬ್ಬಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಸದ್ದು ಬಂದರೆ ಇಟ್ಟಿಗೆ ಒಡೆದಿದೆ. ತಗಡು ತಗಡಿಗೆ ಬಡಿದಂತೆ ತೆಳು ಸದ್ದಾದರೆ ಅದು ಬಿಸಿ ತಡೆಯಲು ಮೇಲೆ ಕೂರಿಸಿದ ತಗಡು, ಹೀಟ್ ಶೀಲ್ಡ್. ಒಂದು ಸ್ಟೀಲ್ ಕ್ಲಾಂಪಿನಲ್ಲಿ ಮುಗಿಯುವ ಕೆಲಸಕ್ಕೆ ಕನ್ವರ್ಟರ್ ಕಳೆದುಕೊಂಡವರಿದ್ದಾರೆ.

ಮೂರು. ಸೋರಿಕೆ. ಕರಾವಳಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸಾವಧಾನವಾಗಿ ನೋಡಿ. ಮಲ್ಪೆ, ಪಣಂಬೂರಿನ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಕನ್ವರ್ಟರಿನ ಎರಡೂ ತುದಿಯ ಫ್ಲೇಂಜು (ಪೈಪ್ ಜೋಡಿಸುವ ಅಂಚುತಟ್ಟೆ), ಸ್ಟಡ್, ಗ್ಯಾಸ್ಕೆಟ್ ಮೊದಲು ತುಕ್ಕು ತಿನ್ನುತ್ತವೆ. ಕನ್ವರ್ಟರಿಗೆ ಮೊದಲು ಒಂದು, ನಂತರ ಒಂದು, ಹೀಗೆ ಹೊಗೆಯ ಆಮ್ಲಜನಕ ನೋಡುವ ಎರಡು ಸೆನ್ಸರ್ ಇರುತ್ತವೆ. ಮುಂದಿನ ಸೆನ್ಸರಿಗೆ ಮೊದಲು ಕೂದಲೆಳೆಯಷ್ಟು ಬಿರುಕಿದ್ದರೂ, ಹೊಗೆ ಬಡಿತಬಡಿತವಾಗಿ ಹೋಗುವಾಗ ನಡುನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಆಮ್ಲಜನಕ ಕಂಡು ‘ಪೆಟ್ರೋಲ್ ಸಾಲದು’ ಎಂದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಆ ಹೆಚ್ಚುವರಿ ಕನ್ವರ್ಟರಿನೊಳಗೆ ಉರಿದು ಅದನ್ನೇ ಸುಡುತ್ತದೆ. ಬಿರುಕು ಎರಡು ಸೆನ್ಸರುಗಳ ನಡುವೆ ಇದ್ದರೆ ಕನ್ವರ್ಟರ್ ಚೆನ್ನಾಗಿದ್ದೂ ಪಿ0420 ಬರುತ್ತದೆ.

ಹುಡುಕುವುದಕ್ಕೆ ದುಬಾರಿ ಯಂತ್ರ ಬೇಡ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಲಿ. ಗಾಳಿ ಊದುವ ಬ್ಲೋವರ್, ಅಥವಾ ಊದುವ ಬಾಯಿ ಇರುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಸೈಲೆನ್ಸರ್ ಬಾಯಿಗಿಟ್ಟು ಸುತ್ತ ಹಳೆ ಬಟ್ಟೆ ಒತ್ತಿ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿ. ಎಂಜಿನ್ನಿಗೆ ಅಂಟಿದ ಮ್ಯಾನಿಫೋಲ್ಡ್ ಗ್ಯಾಸ್ಕೆಟಿನಿಂದ ಶುರುಮಾಡಿ ಹಿಂದಕ್ಕೆ: ಸೆನ್ಸರ್ ಕೂತ ಜಾಗ, ಬಲೆಯಂತೆ ಹೆಣೆದ ಫ್ಲೆಕ್ಸ್ ಪೈಪ್, ಎರಡೂ ಫ್ಲೇಂಜುಗಳು, ಪ್ರತಿ ವೆಲ್ಡ್. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಫ್ಲೇಂಜಿನ ಅಂಚಿನಲ್ಲಿ ನವಿಲುಗರಿಯಂತೆ ಹರಡಿದ ಕಪ್ಪು ಮಸಿ ಇದ್ದರೆ ಸೋಪು ನೀರೂ ಬೇಡ, ಸೋರುವುದು ಅಲ್ಲೇ. ಅಲ್ಲಿ ಪುಟ್ಟಿ, ಅಲ್ಯೂಮಿನಿಯಂ ಟೇಪು ಅಂಟಿಸುವುದು ವಾರದ ಮಟ್ಟಿನ ಸಮಾಧಾನ. ಗ್ಯಾಸ್ಕೆಟ್ ಹೊಸತು ಹಾಕಿ. ಸಿಲಿಕಾನ್ ಪೇಸ್ಟ್ ಬಳಿಯಲೇಬೇಡಿ, ಅದರ ಆವಿ ತಾಗಿ ಸೆನ್ಸರ್ ಕೆಟ್ಟುಹೋಗುತ್ತದೆ.

ನಾಲ್ಕು. ಸೋರಿಕೆ ಇಲ್ಲವೆಂದಾದ ಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ. ಎಂಜಿನ್ ಬಿಸಿ ಮಾಡಿ, 2,500 ಆರ್‌ಪಿಎಂನಲ್ಲಿ ಮೂರು ನಿಮಿಷ ಹಿಡಿದು ಆಮೇಲೆ ನೋಡಿ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯಬೇಕು, ಹಿಂದಿನದು 0.6–0.7ರ ಆಸುಪಾಸು ಹೆಚ್ಚುಕಡಿಮೆ ನಿಂತಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೇ ಕುಣಿದರೆ ಕನ್ವರ್ಟರ್ ಲೇಪ ಸೋತಿದೆ. ಹೊಸ ಕಾರುಗಳಲ್ಲಿ ಮುಂದೆ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತದೆ, ಅದು ಈ ರೀತಿ ಕುಣಿಯುವುದಿಲ್ಲ. ‘ಸೆನ್ಸರ್ ಸತ್ತಿದೆ’ ಎಂದು ಹೇಳಿ ಒಳ್ಳೆಯದನ್ನು ಬಿಸಾಡಿಸುವುದು ಇಲ್ಲೇ. ಆ ಕಾರುಗಳಲ್ಲಿ ಹಿಂದಿನ ಸೆನ್ಸರಿನ ಗೆರೆ ಮಾತ್ರ ನಂಬಿ.

ಐದು. ಬ್ಲಾಕ್ ಆಗಿದೆಯೇ? ಬಾಯಿಮಾತು ಬೇಡ, ಅಳೆಯಿರಿ. ಮುಂದಿನ ಸೆನ್ಸರ್ ಬಿಚ್ಚಿ, ಆ ತೂತಿಗೆ ಒತ್ತಡದ ಗೇಜ್ ತಿರುಗಿಸಿ. ಥ್ರೆಡ್ ಸಾಮಾನ್ಯವಾಗಿ 18 ಮಿ.ಮೀ., 1.5 ಪಿಚ್. ಚಕ್ರದ ಗಾಳಿ ನೋಡುವ ಗೇಜ್ ಇಲ್ಲಿ ನಡೆಯುವುದಿಲ್ಲ, 0–10 ಪಿಎಸ್‌ಐ ತೋರಿಸುವಂಥದ್ದು ಬೇಕು. ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ ದಾಟಬಾರದು, 2,500 ಆರ್‌ಪಿಎಂನಲ್ಲಿ ಮೂರು ದಾಟಬಾರದು. ದಾಟಿದರೆ ಕನ್ವರ್ಟರಿನ ಹಿಂದಿನ ಫ್ಲೇಂಜ್ ಸಡಿಲಿಸಿ ಇನ್ನೊಮ್ಮೆ ನೋಡಿ. ಒತ್ತಡ ಇಳಿದುಬಿಟ್ಟರೆ ಕಟ್ಟಿರುವುದು ಹಿಂದಿನ ಸೈಲೆನ್ಸರ್, ಕನ್ವರ್ಟರ್ ಅಲ್ಲ. ಒಳಗಿನ ತಡೆತಟ್ಟೆ ತುಕ್ಕು ತಿಂದು ಕಳಚಿ ಬಾಯಿಗೆ ಅಡ್ಡ ಬೀಳುವುದು ನಮ್ಮ ಹವೆಯಲ್ಲಿ ಆಗುವಂಥದ್ದೇ.

ಸೆನ್ಸರ್ ಬಿಚ್ಚುವುದಕ್ಕೂ ಒಂದು ವಿಧಾನ ಉಂಟು. ಪೂರ್ತಿ ತಣ್ಣಗಿದ್ದಾಗ ಜಗ್ಗಿದರೆ ಥ್ರೆಡ್ ಕಿತ್ತು ಬರುತ್ತದೆ. ಹಿಂದಿನ ರಾತ್ರಿ ರಸ್ಟ್ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ದಪ್ಪ ಗ್ಲೌಸ್ ಹಾಕಿ, ವೈರ್ ಹೋಗಲು ಸೀಳಿರುವ 22 ಮಿ.ಮೀ. ಸಾಕೆಟ್‌ನಿಂದ ತಿರುಗಿಸಿ. ಕಾಲು ಸುತ್ತು ಬಂದು ಬಿಗಿಯಾದರೆ ಹಿಂದಕ್ಕೆ ತಿರುಗಿಸಿ, ಮತ್ತೆ ಸ್ಪ್ರೇ, ಮತ್ತೆ ಮುಂದಕ್ಕೆ. ವಾಪಸು ಹಾಕುವಾಗ ಥ್ರೆಡ್ಡಿಗೆ ಮಾತ್ರ ಆ್ಯಂಟಿ-ಸೀಜ್ (ಥ್ರೆಡ್ ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ತುದಿಗೆ ತಾಗಬಾರದು.

ಕೊಂದದ್ದು ಯಾವುದು?

ಮಿಸ್ ಹೊಡೆಯುವ ಪ್ಲಗ್–ಕಾಯಿಲ್ ಎಲ್ಲಕ್ಕಿಂತ ಮೊದಲ ಆರೋಪಿ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಇಟ್ಟಿಗೆ ಕರಗಿ ಮುದ್ದೆಯಾಗುತ್ತದೆ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಶಿರಾಡಿ ಘಾಟಿ ಹತ್ತುವ ಧೈರ್ಯ ಬೇಡ, ಬದಿಗೆ ನಿಲ್ಲಿಸಿ. ಸಿಎನ್‌ಜಿ ಕಾರಿನಲ್ಲಿ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಪ್ಲಗ್ ಗ್ಯಾಪ್ ಇನ್ನೂ ಕಟ್ಟುನಿಟ್ಟು. ಎರಡನೆಯದು ಆಯಿಲ್ ಕುಡಿಯುವ ಎಂಜಿನ್: ಆಯಿಲಿನಲ್ಲಿರುವ ರಂಜಕ ಲೇಪವನ್ನು ಮುಚ್ಚಿಬಿಡುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟಿನಿಂದ ನುಸುಳುವ ಕೂಲಂಟ್. ಕಾದ ಕನ್ವರ್ಟರನ್ನು ಮಂಗಳೂರಿನ ಕೊಟ್ಟಾರ ಚೌಕಿಯ ಮಳೆನೀರಿಗೆ ಇಳಿಸಿದರೆ ಇಟ್ಟಿಗೆ ಬಿರಿಯಬಹುದು. ಒಳದಾರಿಯ ಮುರಕಲ್ಲು ತಾಗಿ ಡಬ್ಬಿ ತಗ್ಗಿದ್ದರೂ ಅಷ್ಟೇ.

ಟ್ಯಾಂಕಿಗೆ ಸುರಿಯುವ ‘ಕನ್ವರ್ಟರ್ ಕ್ಲೀನರ್’ ಬಾಟಲಿಗೆ ದುಡ್ಡು ಹಾಕಬೇಡಿ. ಕರಗಿದ ಸೆರಾಮಿಕ್ ಯಾವ ದ್ರವಕ್ಕೂ ಮರಳಿ ಜೇನುಗೂಡಾಗುವುದಿಲ್ಲ. ಸರಳು ಹಾಕಿ ಒಳಗಿನ ಇಟ್ಟಿಗೆ ಪುಡಿ ಮಾಡಿ ಖಾಲಿ ಡಬ್ಬಿ ವಾಪಸು ಕೂರಿಸುವುದು ನೇರ ಪೈಪಿಗಿಂತ ಕಡೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹಿಂದಿನ ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ಸ್ಪೇಸರ್ ಹಾಕಿ ದೀಪ ಆರಿಸುವುದು ಥರ್ಮಾಮೀಟರ್ ಒಡೆದು ಜ್ವರ ಇಳಿಯಿತೆನ್ನುವಂತೆ.

ನಿಜವಾಗಿ ಹೋಗಿದ್ದರೆ

ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಅಗ್ಗದ ಕನ್ವರ್ಟರಿನಲ್ಲಿ ಲೇಪ ತೆಳು. ಕೆಲವೇ ತಿಂಗಳಲ್ಲಿ ಪಿ0420 ಮರಳುತ್ತದೆ. ಹಳೆಯದನ್ನು ಕೇಳಿ ಪಡೆಯಿರಿ. ಅದರೊಳಗಿನ ಲೋಹಕ್ಕೆ ಗುಜರಿಯಲ್ಲಿ ಬೆಲೆ ಉಂಟು, ‘ಪೈಪ್ ಹಾಕಿ ಬಿಡುವಾ’ ಎಂಬ ಉತ್ಸಾಹಕ್ಕೆ ಅದೂ ಒಂದು ಕಾರಣ.

ಗ್ಯಾಸ್ಕೆಟ್, ನಟ್ ಎಲ್ಲ ಹೊಸತು. ಎಲ್ಲ ಜೋಡಣೆ ಸಡಿಲವಾಗಿ ಕೂರಿಸಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ತಿರುವಾಗಿ ಕೂತ ಪೈಪ್ ಫ್ಲೆಕ್ಸನ್ನು ಹರಿದುಹಾಕುತ್ತದೆ. ವೆಲ್ಡ್ ಮಾಡುವುದಿದ್ದರೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ, ಇಲ್ಲವಾದರೆ ಕಂಪ್ಯೂಟರಿಗೆ ಏಟು.

ಈಗಾಗಲೇ ನೇರ ಪೈಪ್ ಹಾಕಿಸಿಕೊಂಡವರು ಕನ್ವರ್ಟರ್ ಮರಳಿ ಹಾಕಿಸುವಾಗ ಎರಡು ನೋಡಿಕೊಳ್ಳಿ. ಕತ್ತರಿಸುವಾಗ ಹಿಂದಿನ ಸೆನ್ಸರಿನ ಬುಡ ಜಾಗ ಬದಲಾಗಿರಬಹುದು, ಅದು ಕನ್ವರ್ಟರಿನ ನಂತರವೇ ಬರಬೇಕು. ಬಿಚ್ಚಿಟ್ಟ ಹೀಟ್ ಶೀಲ್ಡ್ ಮರಳಿ ಕೂರಿಸಿ, ಇಲ್ಲದಿದ್ದರೆ ಮೇಲಿನ ವೈರಿನ ಪ್ಲಾಸ್ಟಿಕ್ ಕರಗುತ್ತದೆ. ಮೊದಲ ಸ್ಟಾರ್ಟಿನಲ್ಲಿ ಸ್ವಲ್ಪ ಹೊಗೆ, ವಾಸನೆ ಸಹಜ. ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಕೋಡ್ ಅಳಿಸಿ, ಮರುದಿನ ತಣ್ಣಗಿನ ಎಂಜಿನ್ನಿನಿಂದ ಶುರುಮಾಡಿ ಹೆದ್ದಾರಿಯಲ್ಲಿ 70–80ರಲ್ಲಿ ಕಾಲು ಗಂಟೆ ಒಂದೇ ಸಮ ಓಡಿಸಿ. ಇದನ್ನು ಎರಡು ಮೂರು ದಿನ ಮಾಡಿದರೆ ಕಂಪ್ಯೂಟರಿನ ಸ್ವಯಂಪರೀಕ್ಷೆ ಮುಗಿಯುತ್ತದೆ. ಎಮಿಷನ್ ಟೆಸ್ಟಿಗೆ ಹೋಗುವುದು ಆಮೇಲೆ, ಅದೂ ಎಂಜಿನ್ ಬಿಸಿ ಇರುವಾಗ.